ಕಣಕ್ಕೆ ಕಳ್ಳ ಬಂದಾಗ ರಿವಾಲ್ವರ್ ಎತ್ತಬಹುದೇ?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದೊಂದು ಕಾಫಿ ತೋಟ. ಮನೆ ಊರಿಂದ 2 ಕಿ.ಮೀ. ಒಳಗಿದೆ. ಕಳೆದ ಸೀಸನ್ನಿನಲ್ಲಿ ಕಣದಲ್ಲಿ ಹರವಿದ್ದ ಮೆಣಸು ಎರಡು ಸಲ ರಾತ್ರಿ ಕಳುವಾಯಿತು. ಆತ್ಮರಕ್ಷಣೆಗೆಂದು ಅರ್ಜಿ ಹಾಕಿ .32 ರಿವಾಲ್ವರಿಗೆ ಲೈಸೆನ್ಸ್ ಪಡೆದಿದ್ದೇನೆ. ಪೊಲೀಸ್ ಇಲಾಖೆ ನಡೆಸುವ ನಾಗರಿಕ ಬಂದೂಕು ತರಬೇತಿಯೂ ಆಗಿದೆ. ರಾತ್ರಿ ಕಳ್ಳರು ಬಂದರೆ ಗುಂಡು ಹಾರಿಸಬಹುದೇ? ಆಗಿರುವ ತರಬೇತಿ ಸಾಕೇ? ಯಾವಾಗಲೂ ಗುಂಡು ತುಂಬಿಟ್ಟಿರಬೇಕೇ? ನಾನಿಲ್ಲದಾಗ ತೋಟದ ಕೆಲಸ ನೋಡಿಕೊಳ್ಳುವ ರೈಟರ್ ಕೈಗೆ ಕೊಡಬಹುದೇ? ಅಕಸ್ಮಾತ್ ಹಾರಿಸಿದರೆ ಮುಂದೇನು?

ಉತ್ತರ: ಕಣದಲ್ಲಿ ಮೆಣಸು ಚೀಲಕ್ಕೆ ತುಂಬಿಕೊಳ್ಳುತ್ತಿರುವವನ ಮೇಲೆ ಗುಂಡು ಹಾರಿಸುವಂತಿಲ್ಲ. ಚೀಲ ಹೊತ್ತು ಓಡುತ್ತಿರುವವನ ಮೇಲಂತೂ ಖಂಡಿತ ಇಲ್ಲ. ಅವನೇ ಕತ್ತಿ ಹಿಡಿದು ನಿಮ್ಮ ಮೇಲೆ ಬಂದರೆ ಮಾತು ಬೇರೆ. ನಿಮ್ಮ ಕೈಯಲ್ಲಿರುವ ಲೈಸೆನ್ಸ್ ರಿವಾಲ್ವರ್ ಇಟ್ಟುಕೊಳ್ಳಲು ಕೊಟ್ಟ ಅನುಮತಿಯೇ ಹೊರತು ಹಾರಿಸಲು ಕೊಟ್ಟ ಅನುಮತಿಯಲ್ಲ. ಹಾರಿಸಿದ್ದು ಸರಿಯೋ ತಪ್ಪೋ ಎಂಬುದನ್ನು ತೂಗುವುದು ಬೇರೆಯೇ ಕಾನೂನು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಹಳೆಯ ಐಪಿಸಿಯಲ್ಲಿ ಇದು 96ರಿಂದ 106. ನಿಮ್ಮ ವಕೀಲರು ಇನ್ನೂ ಹಳೆಯ ಅಂಕಿಯಲ್ಲೇ ಮಾತಾಡಿದರೆ ಗಾಬರಿಯಾಗಬೇಡಿ, ಸಾರ ಹೆಚ್ಚೇನೂ ಬದಲಾಗಿಲ್ಲ. ದೇಹದ ರಕ್ಷಣೆಯಲ್ಲಿ ಎದುರಾಳಿಯ ಪ್ರಾಣ ಹೋದರೂ ಅಪರಾಧವಾಗದ ಸಂದರ್ಭಗಳನ್ನು 38ನೇ ಕಲಮು ಪಟ್ಟಿ ಮಾಡುತ್ತದೆ: ಪ್ರಾಣ ಹೋಗುತ್ತದೆ ಅಥವಾ ತೀವ್ರ ಸ್ವರೂಪದ ಗಾಯವಾಗುತ್ತದೆ ಎಂಬ ಸಕಾರಣ ಭಯ ಹುಟ್ಟಿಸುವ ಹಲ್ಲೆ, ಅತ್ಯಾಚಾರದ ಯತ್ನ, ಅಪಹರಣ, ಆ್ಯಸಿಡ್ ದಾಳಿ ಮುಂತಾದವು. ಇಲ್ಲಿ 'ಸಕಾರಣ ಭಯ' ಎಂಬುದೇ ಮುಖ್ಯ. ನಿಜವಾಗಿ ಏಟು ಬೀಳುವತನಕ ಕಾಯಬೇಕಿಲ್ಲ. ಆದರೆ ನಿಮಗೆ ಹೆದರಿಕೆಯಾಯಿತು ಎಂದಷ್ಟೇ ಹೇಳಿದರೂ ಸಾಲದು. ನಿಮ್ಮ ಜಾಗದಲ್ಲಿ ಬುದ್ಧಿ ನೆಟ್ಟಗಿರುವ ಬೇರೆಯವರಿದ್ದರೂ ಅದೇ ಭಯ ಹುಟ್ಟುತ್ತಿತ್ತೇ ಎಂದು ಕೋರ್ಟು ನೋಡುತ್ತದೆ.

ಆಸ್ತಿಯ ವಿಚಾರ 41ನೇ ಕಲಮಿನಲ್ಲಿದೆ, ಎಡವಟ್ಟಾಗುವುದೇ ಇಲ್ಲಿ. ದರೋಡೆ, ಸೂರ್ಯಾಸ್ತದಿಂದ ಸೂರ್ಯೋದಯದೊಳಗೆ ಬೀಗ ಮುರಿದೋ ಕನ್ನ ಹಾಕಿಯೋ ಕಟ್ಟಡದೊಳಗೆ ನುಗ್ಗುವುದು, ವಾಸದ ಮನೆಗೆ ಅಥವಾ ಸರಕು ಇಟ್ಟ ಕಟ್ಟಡಕ್ಕೆ ಬೆಂಕಿ ಹಚ್ಚುವುದು, ಮತ್ತು ಪ್ರಾಣಭಯ ಹುಟ್ಟಿಸುವಂಥ ಪರಿಸ್ಥಿತಿಯಲ್ಲಿ ನಡೆಯುವ ಕಳವು, ಆಸ್ತಿ ಹಾಳುಗೆಡವುವುದು ಅಥವಾ ಮನೆ ಅತಿಕ್ರಮ, ಇಷ್ಟರಲ್ಲಿ ಮಾತ್ರ ಹಕ್ಕು ಪ್ರಾಣ ತೆಗೆಯುವವರೆಗೆ ಹೋಗುತ್ತದೆ. ಬರೀ ಕಳವು ಈ ಪಟ್ಟಿಯಲ್ಲಿಲ್ಲ. ಕಣ ಎಂದರೆ ಬಯಲು, ಅದು ಕಟ್ಟಡವೇ ಅಲ್ಲ. ಅಲ್ಲಿಂದ ಮೆಣಸು ಹೊತ್ತೊಯ್ಯುವವನನ್ನು ತಡೆಯಬಹುದು, ಹಿಡಿಯಬಹುದು, ಅದಕ್ಕೆ ಬೇಕಾದಷ್ಟು ಬಲ ಬಳಸಬಹುದು. ಆದರೆ 42ನೇ ಕಲಮಿನಂತೆ ಆ ಬಲ ಪ್ರಾಣಕ್ಕೆ ಎರವಾಗುವಂತಿರಬಾರದು. ಎಲ್ಲಿಗೆ ತಗುಲಿದರೂ ರಿವಾಲ್ವರ್ ಗುಂಡು ಪ್ರಾಣ ತೆಗೆಯಬಲ್ಲ ಬಲವೇ.

ಹಾಗಾದರೆ ಬೀಗ ಹಾಕಿದ ಗೋದಾಮಿಗೆ ರಾತ್ರಿ ನುಗ್ಗಿದರೆ? ಸರಕು ಇಡುವ ಕಟ್ಟಡವೂ ಕಾನೂನಿನ ಲೆಕ್ಕದಲ್ಲಿ 'ಮನೆ'ಯೇ, ಆದ್ದರಿಂದ ಅಕ್ಷರಶಃ ಓದಿದರೆ 41 ಅನ್ವಯಿಸುತ್ತದೆ. ಇಷ್ಟನ್ನೇ ಹಿಡಿದುಕೊಂಡು "ರಾತ್ರಿ ನುಗ್ಗಿದರೆ ಹೊಡೆಯಬಹುದಂತೆ" ಎಂದು ಪ್ಲಾಂಟರ್‌ಗಳ ನಡುವೆ ಮಾತಾಗುವುದುಂಟು. 41 ಮತ್ತು 38, ಎರಡಕ್ಕೂ ಮೇಲೆ 37ನೇ ಕಲಮು ಕೂತಿದೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ರಕ್ಷಣೆಗೆ ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡುವಂತಿಲ್ಲ, ಮತ್ತು ಪೊಲೀಸರ ರಕ್ಷಣೆ ಪಡೆಯಲು ಸಮಯವಿದ್ದರೆ ಈ ಹಕ್ಕೇ ಇಲ್ಲ, ಎಂದು ಅದು ಹೇಳುತ್ತದೆ. ನೀವು ಮನೆಯೊಳಗೆ ಬೀಗ ಹಾಕಿಕೊಂಡು ಸುರಕ್ಷಿತವಾಗಿದ್ದೀರಿ, ಕಳ್ಳರು 60 ಮೀಟರ್ ಆಚೆ ಗೋದಾಮಿನಲ್ಲಿದ್ದಾರೆ, ಕೈಯಲ್ಲಿ ಫೋನಿದೆ. ಹೀಗಿರುವಾಗ ಇಳಿದು ಹೋಗಿ ಗುಂಡು ಹಾರಿಸಿದರೆ ಅದರ ಅಗತ್ಯವೇನಿತ್ತು ಎಂಬ ಪ್ರಶ್ನೆಗೆ ಉತ್ತರ ಕೊಡುವುದು ಬಲು ಕಷ್ಟ. ಅದೇ ಜನ ನಿಮ್ಮ ಮಲಗುವ ಕೋಣೆಯ ಬಾಗಿಲು ಒಡೆಯುತ್ತಿದ್ದರೆ ಆ ಪ್ರಶ್ನೆ ಏಳುವುದೇ ಇಲ್ಲ.

ಹಕ್ಕು ಯಾವಾಗ ಮುಗಿಯುತ್ತದೆ ಎಂಬುದು ಯಾವಾಗ ಶುರುವಾಗುತ್ತದೆ ಎಂಬುದಕ್ಕಿಂತ ಹೆಚ್ಚು ಜನರನ್ನು ಜೈಲಿಗೆ ಕಳಿಸಿದೆ. 40ನೇ ಕಲಮಿನ ಪ್ರಕಾರ ಅಪಾಯದ ಭಯ ಇರುವಷ್ಟು ಹೊತ್ತು ಮಾತ್ರ ದೇಹರಕ್ಷಣೆಯ ಹಕ್ಕು. 1962ರ ಜೈ ದೇವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿತು: ಹೊಲದ ಜಗಳದಲ್ಲಿ ಎದುರಾಳಿಗಳು ಕಾಲಿಗೆ ಬುದ್ಧಿ ಹೇಳಿದ ಮೇಲೂ ಗುಂಡು ಹಾರಿಸಿದವರಿಗೆ ಆತ್ಮರಕ್ಷಣೆಯ ನೆರಳು ಸಿಗಲಿಲ್ಲ. ಇನ್ನೊಂದು ಕಡೆ 1952ರ ಅಮ್ಜದ್ ಖಾನ್ ತೀರ್ಪು ಇದೆ. ಮಧ್ಯಪ್ರದೇಶದ ಕಟ್ನಿಯ ಗಲಭೆಯಲ್ಲಿ ಪಕ್ಕದ ಅಂಗಡಿ ಲೂಟಿಯಾಗಿ ಗುಂಪು ತನ್ನ ಬಾಗಿಲು ಬಡಿಯುತ್ತಿದ್ದಾಗ ಆತ ಎರಡು ಗುಂಡು ಹಾರಿಸಿದ್ದ, ಒಬ್ಬ ಸತ್ತ. ಆ ಗಳಿಗೆಯಲ್ಲಿ ಇರುವವನು ಬಲವನ್ನು ಚಿನ್ನದ ತಕ್ಕಡಿಯಲ್ಲಿ ತೂಗಿ ಬಳಸಲಾರ ಎಂದ ನ್ಯಾಯಾಲಯ ಆತನನ್ನು ಬಿಡುಗಡೆ ಮಾಡಿತು. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ಏಟು ಬರುತ್ತಿರುವಾಗ ಒಂದು ಗುಂಡು ಹೆಚ್ಚಾಯಿತು ಎಂದು ಕೋರ್ಟು ಕೂದಲು ಸೀಳುವುದಿಲ್ಲ. ಏಟು ನಿಂತ ಮೇಲೆ ಬಿದ್ದ ಗುಂಡನ್ನು ಮಾತ್ರ ಮಾಫಿ ಮಾಡುವುದಿಲ್ಲ. ಸದುದ್ದೇಶದಿಂದಲೇ ಮಿತಿ ಮೀರಿದ್ದೀರಿ ಎಂದಾದರೆ ಕೊಲೆಯ ಬದಲು ಕೊಲೆಯಲ್ಲದ ನರಹತ್ಯೆ ಎಂದಾಗಬಹುದು. ಆದರೆ ಅದರಲ್ಲೂ ಶಿಕ್ಷೆಯ ಅವಧಿ ವರ್ಷಗಳಲ್ಲೇ.

ಕಾನೂನಿನ ಈ ಭಾಗವನ್ನು ಇಷ್ಟು ಎಳೆದು ಹೇಳಿದ್ದು ತರಬೇತಿಯ ಸಲುವಾಗಿಯೇ. ಕೋರ್ಟು ಕೇಳುವುದು, ಹಾರಿಸುವಾಗ ಎದುರಿಗೆ ಏನಿತ್ತು, ಯಾವಾಗ ನಿಲ್ಲಿಸಿದಿರಿ ಎಂದು. ಸಾಮಾನ್ಯವಾಗಿ ಕಲಿಸುವುದು ಬರೀ ಗುರಿ ಹೊಡೆಯುವುದನ್ನು. ನೀವು ಮುಗಿಸಿದ ನಾಗರಿಕ ಬಂದೂಕು ತರಬೇತಿ ಒಳ್ಳೆಯದೇ: ಸುರಕ್ಷತೆ, ಬಂದೂಕಿನ ಭಾಗಗಳು, ಮಲಗಿ ಗುರಿ ಹಿಡಿಯುವುದು, ಉಸಿರು ಹಿಡಿದು ಟ್ರಿಗರ್ ಒತ್ತುವುದು. ಆದರೆ ಅದು ರೈಫಲ್ಲಿನ ತರಬೇತಿ. ಭುಜಕ್ಕೆ ಆನಿಸಿ, ಕದಲದ ಗುರಿಗೆ, ಹಗಲು ಹೊತ್ತಲ್ಲಿ, ಆಜ್ಞೆ ಬಂದಾಗ ಹೊಡೆಯುವುದು. ರಿವಾಲ್ವರ್ ಎರಡೇ ಕೈಗಳ ಮೇಲೆ ನಿಲ್ಲುವ, ನಳಿಗೆ ಗೇಣುದ್ದವೂ ಇಲ್ಲದ ಆಯುಧ. ಮಣಿಕಟ್ಟು ತುಸು ಅಲುಗಿದರೂ 7 ಮೀಟರಿನಲ್ಲಿ ಗುಂಡು ಅಂಗೈಯಗಲ ಆಚೀಚೆ ಹೋಗುತ್ತದೆ. ಪ್ರಮಾಣಪತ್ರ ಸಿಕ್ಕಿತೆಂದು ಅಲ್ಲಿಗೇ ನಿಲ್ಲಿಸಬೇಡಿ.

ಮೊದಲು ನಿಮ್ಮ ಆಯುಧ ಯಾವುದೆಂದು ಸರಿಯಾಗಿ ತಿಳಿದುಕೊಳ್ಳಿ. ನಮ್ಮಲ್ಲಿ 9 ಮಿ.ಮೀ., .38, .45 ಇವೆಲ್ಲ ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳಗಾತ್ರ). ಸಾಮಾನ್ಯ ಲೈಸೆನ್ಸಿಗೆ ಸಿಗುವುದು ಬಹುಪಾಲು .32. ಈ .32ರಲ್ಲೇ ಎರಡು ಜಾತಿ. ಕಾನ್ಪುರದ ಕಾರ್ಖಾನೆಯ ರಿವಾಲ್ವರುಗಳಿಗೆ ಬೇಕಾದದ್ದು .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್, ಹಿಂಬದಿಯಲ್ಲಿ ಅಗಲ ಅಂಚಿರುವ ಗುಂಡು. ಅಶನಿಯಂಥ ಪಿಸ್ತೂಲಿಗೆ ಬೇಕಾದದ್ದು .32 ಎಸಿಪಿ, ಗಿಡ್ಡದ್ದು, ಅಂಚು ಹೆಚ್ಚುಕಡಿಮೆ ಇಲ್ಲದ್ದು. ಡೀಲರ್ ಅಂಗಡಿಯಲ್ಲಿ "ಮೂವತ್ತೆರಡು ಕೊಡಿ" ಎಂದಷ್ಟೇ ಹೇಳಿ ಡಬ್ಬ ಎತ್ತಿಕೊಂಡು ಬರಬೇಡಿ, ಗುಂಡಿನ ತಳದಲ್ಲಿ ಒತ್ತಿರುವ ಅಕ್ಷರ ಓದಿ. ಎಸಿಪಿ ಗುಂಡು ರಿವಾಲ್ವರಿನ ಸಿಲಿಂಡರಿನಲ್ಲಿ ಗುಂಡು ಕೂರುವ ಮನೆಯೊಳಗೆ ಇಳಿದರೂ ಇಳಿದೀತು. ಅದು ಆ ಆಯುಧಕ್ಕೆ ಹೇಳಿದ್ದಲ್ಲ, ಹಾಕಲೇಬಾರದು.

ಹಳೆಯ ಮಾದರಿಯ .32 ರಿವಾಲ್ವರ್ ನಡುವೆ ಮುರಿದು ತೆರೆಯುವಂಥದ್ದು: ಮೇಲಿನ ಚಿಲಕ ಒತ್ತಿದರೆ ನಳಿಗೆ ಕೆಳಗೆ ಬಾಗುತ್ತದೆ, ನಕ್ಷತ್ರದಾಕಾರದ ಎತ್ತುಗ ಆರೂ ಖೋಲುಗಳನ್ನು (ಗುಂಡಿನ ಲೋಹದ ಕವಚ) ಒಟ್ಟಿಗೆ ಮೇಲೆತ್ತುತ್ತದೆ. 2023ರಲ್ಲಿ ಬಂದ ಪ್ರಬಲ್ ಎಂಬ ರಿವಾಲ್ವರಿನಲ್ಲಿ ಸಿಲಿಂಡರ್ ಪಕ್ಕಕ್ಕೆ ಹೊರಳುತ್ತದೆ. ಮೊದಲನೆಯದರಲ್ಲಿ ಆಗುವ ತೊಂದರೆ ಎರಡು. ಮುಚ್ಚುವಾಗ ಚಿಲಕ ಪೂರ್ತಿ ಕೂರದೆ ಉಳಿಯುವುದು ಒಂದು. ಮುಚ್ಚಿದ ಮೇಲೆ ಹೆಬ್ಬೆರಳಿನಿಂದ ಒತ್ತಿ ನೋಡುವುದು ಅಭ್ಯಾಸವಾಗಬೇಕು. ಇನ್ನೊಂದು, ನಿಧಾನಕ್ಕೆ ತೆರೆದಾಗ ಒಂದು ಖೋಲು ಜಾರಿ ಎತ್ತುಗದ ಕೆಳಗೆ ಸಿಕ್ಕಿಕೊಳ್ಳುವುದು. ಆಮೇಲೆ ತೆರೆಯಲೂ ಆಗದು, ಮುಚ್ಚಲೂ ಆಗದು. ತೆರೆದು, ಸಿಲಿಂಡರಿನ ಹಿಂಬದಿ ನೆಲ ನೋಡುವಂತೆ ತಿರುಗಿಸಿ, ಒಂದೇ ಗತಿಯಲ್ಲಿ ಪೂರ್ತಿ ಬಗ್ಗಿಸಿದರೆ ಖೋಲುಗಳು ತಮ್ಮ ತೂಕಕ್ಕೇ ಬೀಳುತ್ತವೆ.

ಹಿಡಿತದ ವಿಚಾರ. ಬಲಗೈ ಹಿಡಿಯ ಮೇಲ್ತುದಿಗೆ ಒತ್ತಿ ಕೂತಿರಬೇಕು, ಎಡಗೈ ಬೆರಳುಗಳು ಬಲಗೈ ಬೆರಳುಗಳ ಮೇಲೆ ಸುತ್ತಿರಬೇಕು, ಎಡ ಹೆಬ್ಬೆರಳು ಬಲ ಹೆಬ್ಬೆರಳಿನ ಮೇಲೆ. ಪಿಸ್ತೂಲು ಹಿಡಿಯುವವರಂತೆ ಹೆಬ್ಬೆರಳು ಮುಂದಕ್ಕೆ ಚಾಚಿದರೆ ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಯಿಂದ ಚಿಮ್ಮುವ ಬಿಸಿ ಅನಿಲ ಚರ್ಮ ಸುಡುತ್ತದೆ. ತೋರುಬೆರಳು ಟ್ರಿಗರಿನ ಹೊರಗೆ, ಚೌಕಟ್ಟಿನ ಉದ್ದಕ್ಕೆ ನೇರ. ಬೆಚ್ಚಿಬಿದ್ದಾಗ, ಕಾಲು ಜಾರಿದಾಗ, ಇನ್ನೊಂದು ಕೈಯಿಂದ ಬಾಗಿಲು ಎಳೆದಾಗ ಎರಡೂ ಕೈ ತಾವಾಗಿಯೇ ಬಿಗಿಯುತ್ತವೆ. ಬೆರಳು ಒಳಗಿದ್ದರೆ ಗುಂಡು ಹೋಯಿತೆಂದೇ ಲೆಕ್ಕ.

ಇದೇ ಕಾರಣಕ್ಕೆ ಕೊಕ್ಕೆಯನ್ನು (ಗುಂಡಿನ ತಳಕ್ಕೆ ಬಡಿಯುವ ಹ್ಯಾಮರ್) ಹೆಬ್ಬೆರಳಿನಿಂದ ಹಿಂದಕ್ಕೆಳೆದು ಇಟ್ಟುಕೊಳ್ಳುವ ಚಾಳಿ ಬೇಡ. ಹಾಗೆ ಎಳೆದಿಟ್ಟರೆ ಟ್ರಿಗರ್ 2 ಕಿಲೋ ಆಸುಪಾಸಿನ ಒತ್ತಡಕ್ಕೇ ಬೀಳುತ್ತದೆ. ಎಳೆಯದೆ ನೇರವಾಗಿ ಒತ್ತಿದರೆ ಸಾಮಾನ್ಯವಾಗಿ 5 ಕಿಲೋಗೂ ಹೆಚ್ಚು ಬಲ ಬೇಕು. ಆ ಭಾರವೇ ನಿಮಗೆ ಯೋಚಿಸಲು ಸಿಗುವ ಸಮಯ. ಆತ್ಮರಕ್ಷಣೆಗೆ ಕಲಿಯಬೇಕಾದದ್ದು ಈ ಭಾರದ ಒತ್ತನ್ನೇ: ಮುಂದಿನ ಗುರಿಮಣಿ ಕದಲದಂತೆ, ನಡುವೆ ನಿಲ್ಲದೆ, ಒಂದೇ ಸಮನೆ ಒತ್ತುವುದು. ಗುಂಡು ಎಡಕ್ಕೆ ಕೆಳಗೆ ಬೀಳುತ್ತಿದ್ದರೆ (ಬಲಗೈಯವರಲ್ಲಿ ಬಹಳ ಜನಕ್ಕೆ ಹೀಗೇ) ಶಬ್ದಕ್ಕೆ ಮುಂಚೆಯೇ ಕೈ ಮುಗ್ಗರಿಸುತ್ತಿದೆ ಎಂದರ್ಥ. ಕಂಡುಹಿಡಿಯಲು ಸುಲಭದ ದಾರಿ: ರೇಂಜಿನಲ್ಲಿ ಜೊತೆಗಾರ ಆರು ಮನೆಗಳಲ್ಲಿ ನಾಲ್ಕಕ್ಕೆ ಗುಂಡು, ಎರಡಕ್ಕೆ ಖಾಲಿ ಖೋಲು ಹಾಕಿ, ಸಿಲಿಂಡರ್ ತಿರುಗಿಸಿ ಕೊಡಲಿ. ಖಾಲಿ ಬಂದಾಗ ನಳಿಗೆ ತಲೆಬಾಗುವುದು ನಿಮ್ಮ ಕಣ್ಣಿಗೇ ಕಾಣುತ್ತದೆ.

ಮನೆಯಲ್ಲಿ ಗುಂಡಿಲ್ಲದೆ ಮಾಡುವ ಒಣ ಅಭ್ಯಾಸ ವಾರಕ್ಕೆ ಮೂರು ದಿನ, 10 ನಿಮಿಷದಂತೆ ಸಾಕು. ಗುಂಡಿನ ಖರ್ಚಿಲ್ಲ, ಆದರೆ ಅನಾಹುತಗಳು ಹೆಚ್ಚಾಗಿ ಆಗುವುದೂ ಇದರಲ್ಲೇ. ಆದ್ದರಿಂದ ಕ್ರಮ ತಪ್ಪಬಾರದು. ರಿವಾಲ್ವರ್ ಖಾಲಿ ಮಾಡಿ, ಆರು ಗುಂಡು ಎಣಿಸಿ, ಇನ್ನೊಂದು ಕೋಣೆಯಲ್ಲಿಟ್ಟು ಬನ್ನಿ. ಸಿಲಿಂಡರನ್ನು ಮತ್ತೆ ತೆರೆದು, ಆರು ತೂತುಗಳಲ್ಲಿ ಒಂದೊಂದಕ್ಕೂ ಕಿರುಬೆರಳು ತೂರಿಸಿ ಮುಟ್ಟಿ ನೋಡಿ. ಕತ್ತಲಲ್ಲಿ ಕಣ್ಣಿಗಿಂತ ಬೆರಳು ನಂಬಿಕಸ್ಥ. ಅಣಕು ಗುಂಡು ತುಂಬಿ, ಹೊರಗೋಡೆಯ ಇಟ್ಟಿಗೆ ಅಥವಾ ಕಲ್ಲಿನ ಕಡೆಗೇ ಗುರಿ ಹಿಡಿಯಿರಿ, ಹಲಗೆಯ ತಡಿಕೆಯ ಕಡೆಗಲ್ಲ. ಮುಗಿದ ಮೇಲೆ "ಅಭ್ಯಾಸ ಮುಗಿಯಿತು" ಎಂದು ಬಾಯಿಬಿಟ್ಟು ಹೇಳಿ ಲಾಕರಿಗೆ ಇಡಿ. ಗುಂಡು ತುಂಬಿದ ಮೇಲೆ "ಇನ್ನೊಂದೇ ಸಲ" ಎಂದು ಒತ್ತಿದವರ ಗೋಡೆಗಳಲ್ಲಿ ತೂತುಗಳಿವೆ.

ನಿಜ ಗುಂಡಿನ ಅಭ್ಯಾಸ ರೈಫಲ್ ಸಂಸ್ಥೆಯ ಅಥವಾ ಅನುಮತಿಯಿರುವ ಕ್ಲಬ್ಬಿನ ರೇಂಜಿನಲ್ಲಿ ಮಾತ್ರ. ನಮ್ಮದೇ ತೋಟ, ತೆಂಗಿನ ಚಿಪ್ಪು ಇಟ್ಟು ಹೊಡೆದರೆ ಯಾರೇನು ಕೇಳುತ್ತಾರೆ ಎನ್ನಬೇಡಿ. ನಿಮ್ಮ ಲೈಸೆನ್ಸ್ ಆತ್ಮರಕ್ಷಣೆಗೆ ಕೊಟ್ಟದ್ದು, ತೋಟ ರೇಂಜ್ ಅಲ್ಲ, ಮತ್ತು ತಪ್ಪಿದ ಗುಂಡು ಒಂದು ಕಿಲೋಮೀಟರಿನಷ್ಟು ದೂರ ಹೋಗಬಲ್ಲದು. ನಡುವೆ ಕಾರ್ಮಿಕರ ಲೈನ್ ಮನೆ ಇದೆಯೋ, ಕಾಫಿ ಕುಯ್ಯುವವರಿದ್ದಾರೋ ಅದಕ್ಕೆ ಗೊತ್ತಾಗುವುದಿಲ್ಲ. ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂದು ಲೈಸೆನ್ಸಿನಲ್ಲೇ ಬರೆದಿರುತ್ತದೆ. ಅದು 100 ಇದ್ದರೆ 25ರಂತೆ ಮೂರು ಸಲ ಅಭ್ಯಾಸ, ಉಳಿದ 25 ಮನೆಗೆ. ದೂರ 3, 5 ಮತ್ತು 7 ಮೀಟರ್, ಗುರಿ ಒಂದು ಎ4 ಹಾಳೆ. ಆತ್ಮರಕ್ಷಣೆ ಇದಕ್ಕಿಂತ ದೂರದಲ್ಲಿ ನಡೆಯುವುದೇ ಅಪರೂಪ, ನಡೆದರೆ ಅದು ಆತ್ಮರಕ್ಷಣೆಯೇ ಎಂದು ಕೋರ್ಟು ಕೇಳುತ್ತದೆ. ಕಿವಿಗೆ ರಕ್ಷಣೆ, ಕಣ್ಣಿಗೆ ಕನ್ನಡಕ ಇಲ್ಲದೆ ಒಂದು ಗುಂಡೂ ಬೇಡ.

ಹಾರಿಸಿದಾಗ ಬರೀ "ಟಿಕ್" ಎಂದು ಏನೂ ಆಗದಿದ್ದರೆ, ರೇಂಜಿನಲ್ಲಿ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ, ತಡವಾಗಿ ಸಿಡಿಯುವುದುಂಟು. ಶಬ್ದ ಎಂದಿಗಿಂತ ಮಂಕಾಗಿ, ಒದೆತ ಇಲ್ಲದೆ "ಪುಸ್" ಎಂದರೆ ಅಲ್ಲಿಗೇ ನಿಲ್ಲಿಸಿ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಸೀಳುತ್ತದೆ. ಮಲೆನಾಡಿನಲ್ಲಿ ಇಂಥ ಗುಂಡುಗಳಿಗೆ ಮುಖ್ಯ ಕಾರಣ ಮಳೆಗಾಲ. ಚರ್ಮದ ಹೋಲ್‌ಸ್ಟರಿನಲ್ಲಿ, ಚರ್ಮದ ಗುಂಡುಪಟ್ಟಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಗುಂಡಿಗೆ ಹಸಿರು ಕಿಲುಬು ಹತ್ತುತ್ತದೆ. ಎಣ್ಣೆ ಸುರಿದು ಇಟ್ಟರೆ ಇನ್ನೂ ಕೇಡು, ಎಣ್ಣೆ ತಳದ ಪ್ರೈಮರಿನೊಳಗೆ (ಕಿಡಿ ಹೊತ್ತಿಸುವ ಮದ್ದು) ಇಳಿದು ಅದನ್ನು ಕೊಲ್ಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ನಳಿಗೆ, ಸಿಲಿಂಡರ್ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಗುಂಡು ಕೂರುವ ಮನೆಗಳನ್ನು ಒಣಬಟ್ಟೆಯಿಂದ ಒಣಗಿಸಿ. ಗುಂಡುಗಳನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮನೆಯಲ್ಲಿ ಇಟ್ಟ ಹಳೆಯ ಗುಂಡನ್ನು ಅಭ್ಯಾಸಕ್ಕೆ ತೆಗೆದು, ಹೊಸದನ್ನು ಆ ಜಾಗಕ್ಕೆ ಹಾಕುತ್ತ ಬನ್ನಿ.

ಇನ್ನು ಹಾರಿಸದೇ ಇರುವ ಅಭ್ಯಾಸ. ಎ4 ಹಾಳೆಗಳ ಮೇಲೆ ದಪ್ಪಗೆ ಕೆಲವದರಲ್ಲಿ ಕತ್ತಿ, ಕೆಲವದರಲ್ಲಿ ಟಾರ್ಚು, ಮೊಬೈಲು, ಚೀಲ ಬರೆಯಿರಿ. ಜೊತೆಗಾರ ನಿಮಗೆ ತಿಳಿಯದಂತೆ ಒಂದನ್ನು ಗೋಡೆಗೆ ಅಂಟಿಸಿ, ಬಂದು ನಿಮ್ಮ ಹಿಂದೆ ನಿಲ್ಲಲಿ. ತಿರುಗಿ ಟಾರ್ಚು ಬಿಡಿ, ಕೈ ನೋಡಿ, ಕೂಗಿ, ಆಮೇಲೆ ನಿರ್ಧರಿಸಿ. ಹತ್ತರಲ್ಲಿ ಐದಾರು ಸಲವಾದರೂ ಗುಂಡು ಹಾರದೆ ಮುಗಿಯಬೇಕು. ಇದನ್ನು ಮನೆಯಲ್ಲಿ ಒಣ ಅಭ್ಯಾಸವಾಗಿಯೇ ಮಾಡಬಹುದು, ನಳಿಗೆಯ ಮುಂದೆ ಹಾಳೆ ಮಾತ್ರ ಇರಬೇಕು. ರೇಂಜಿನಲ್ಲಿ ಎರಡು ಗುಂಡು ಹಾರಿಸಿ, ಬೆರಳು ಹೊರಗೆ ತೆಗೆದು, ನಳಿಗೆ ಕೆಳಗಿಳಿಸಿ, ನೋಡಿ. ಆರೂ ಖಾಲಿಯಾಗುವ ತನಕ ಒತ್ತುತ್ತಲೇ ಇರುವುದನ್ನು ಕೈ ಕಲಿತರೆ ಆ ರಾತ್ರಿಯೂ ಅದನ್ನೇ ಮಾಡುತ್ತದೆ. ಐದನೆಯ ಗುಂಡು ಬೆನ್ನಿಗೆ ಬಿದ್ದಿದ್ದೇಕೆ ಎಂದು ಶವಪರೀಕ್ಷೆಯ ವರದಿ ಹಿಡಿದ ಸರ್ಕಾರಿ ವಕೀಲರು ಕೇಳುತ್ತಾರೆ.

ಕೂಗುವುದನ್ನು ನಾಟಕ ಎಂದುಕೊಳ್ಳಬೇಡಿ. "ಯಾರದು? ನಿಲ್ಲು! ಪೊಲೀಸಿಗೆ ಫೋನ್ ಹೋಗಿದೆ!" ಎಂದು ಗಟ್ಟಿಯಾಗಿ ಕೂಗಿದರೆ ಬಹುತೇಕ ಕಳ್ಳರು ಅಲ್ಲೇ ಓಡುತ್ತಾರೆ, ಲೈನಿನವರಿಗೆ ಎಚ್ಚರವಾಗುತ್ತದೆ, ನಾಳೆ ಸಾಕ್ಷಿಗಳೂ ಸಿಗುತ್ತಾರೆ. ಈಗ ತೋಟಗಳಲ್ಲಿ ಅಸ್ಸಾಮಿನ ಕಾರ್ಮಿಕರೂ ಇರುವುದರಿಂದ ಹಿಂದಿಯಲ್ಲೂ ಒಮ್ಮೆ ಕೂಗಿ. ಕತ್ತಲಲ್ಲಿ ತೋಟದೊಳಗೆ ಓಡಾಡುವವರೆಲ್ಲ ಕಳ್ಳರಲ್ಲ: ದಾರಿ ತಪ್ಪಿದ ಕುಡುಕ ಇರಬಹುದು, ಪಕ್ಕದ ತೋಟದ ವಾಚ್‌ಮನ್ ಇರಬಹುದು, ಆನೆಯ ಹಿಂದೆ ಬಂದ ಆನೆ ಕಾರ್ಯಪಡೆಯವರಿರಬಹುದು. ಆನೆಯ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ಆನೆಗೋ ಕಾಟಿಗೋ (ಕಾಡುಕೋಣ) .32 ಹಾರಿಸುವುದು ಅದನ್ನು ಕೆರಳಿಸಿದಂತೆಯೇ ಸರಿ. ವನ್ಯಜೀವಿ ಕಾಯ್ದೆಯ 11(2) ಪ್ರಾಣರಕ್ಷಣೆಗೆ ವಿನಾಯಿತಿ ಕೊಟ್ಟರೂ ಆ ಆಯುಧ ಅದಕ್ಕಲ್ಲ.

ಗಾಳಿಯಲ್ಲಿ ಗುಂಡು ಹಾರಿಸಿ ಹೆದರಿಸಿದರೆ? ಎಚ್ಚರಿಕೆಯ ಗುಂಡು ಹಾರಿಸಲೇಬೇಕೆಂದು ಕಾನೂನು ಎಲ್ಲೂ ಹೇಳಿಲ್ಲ. ಮೇಲೆ ಹೋದದ್ದು ಎಲ್ಲೋ ಕೆಳಗೆ ಬರುತ್ತದೆ, ಹಂಚಿನ ಮಾಡು ಅದನ್ನು ತಡೆಯುವುದಿಲ್ಲ. 2019ರ ತಿದ್ದುಪಡಿಯ ನಂತರ ಶಸ್ತ್ರಾಸ್ತ್ರ ಕಾಯ್ದೆಯ 25(9) ಪ್ರಕಾರ ಇತರರ ಜೀವಕ್ಕೆ ಅಪಾಯವಾಗುವಂತೆ ಬೇಜವಾಬ್ದಾರಿಯಿಂದ ಅಥವಾ ಸಂಭ್ರಮಕ್ಕೆ ಗುಂಡು ಹಾರಿಸಿದರೆ 2 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಮದುವೆ ಮನೆಯಲ್ಲಿ ಹಾರಿಸುವವರಿಗೂ ಇದೇ ಕಲಮು. ಕಾಲಿಗೆ ಹೊಡೆಯುತ್ತೇನೆ ಎನ್ನುವುದೂ ಭ್ರಮೆ. ಓಡುತ್ತಿರುವ ಕಾಲಿಗೆ ರಾತ್ರಿ ಗುರಿ ಹಿಡಿಯುವುದು ನುರಿತವರಿಗೂ ಆಗದ ಕೆಲಸ, ತೊಡೆಯ ದೊಡ್ಡ ರಕ್ತನಾಳ ತುಂಡಾದರೆ ನಿಮಿಷಗಳಲ್ಲಿ ಪ್ರಾಣ ಹೋಗುತ್ತದೆ. ಕಾಲಿಗೆ ಹೊಡೆಯುವಷ್ಟು ಪುರುಸೊತ್ತಿದೆ ಎಂದರೆ ಹೊಡೆಯುವ ಅಗತ್ಯವಿಲ್ಲ ಎಂದೇ ತಿಳಿಯಿರಿ.

ಗುಂಡು ತುಂಬಿಡಬೇಕೇ ಎಂಬುದಕ್ಕೆ ಮನೆಯಲ್ಲಿ ಮಕ್ಕಳಿದ್ದಾರೋ ಎಂಬುದರ ಮೇಲೆ ಉತ್ತರ. ಹಗಲು ಹೊತ್ತು ಖಾಲಿ ರಿವಾಲ್ವರ್ ಗೋಡೆಗೆ ಬೋಲ್ಟ್ ಹಾಕಿದ ಸಣ್ಣ ಉಕ್ಕಿನ ಲಾಕರಿನಲ್ಲಿ, ಗುಂಡು ಬೇರೆ ಬೀಗದಲ್ಲಿ. ರಾತ್ರಿ ಮಲಗುವಾಗ ತುಂಬಿಡುವುದಾದರೆ ಕೈಗೆಟಕುವ, ಆದರೆ ಬೀಗವಿರುವ ಪೆಟ್ಟಿಗೆಯಲ್ಲಿ. ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ಜೀಪಿನ ಡ್ಯಾಶ್‌ಬೋರ್ಡಿನಲ್ಲಿ ಎಂದೂ ಬೇಡ. ತುಂಬ ಹಳೆಯ, ಕೊಕ್ಕೆಗೆ ತಡೆಯಿಲ್ಲದ ರಿವಾಲ್ವರ್ ಆಗಿದ್ದರೆ ಕೊಕ್ಕೆಯ ನೇರದ ಮನೆ ಖಾಲಿ ಬಿಟ್ಟು ಐದನ್ನೇ ತುಂಬಿ, ನೆಲಕ್ಕೆ ಬಿದ್ದರೂ ಸಿಡಿಯದಿರಲಿ. ಎರಡು ಪೆಗ್ ಹಾಕುವ ಸಂಜೆ ಲಾಕರ್ ತೆರೆಯಲೇಬೇಡಿ. ತಾವೇ ಕುಡಿದ ಅಮಲು ಕೋರ್ಟಿನಲ್ಲಿ ನೆಪವಾಗುವುದಿಲ್ಲ.

ರೈಟರ್ ಕೈಗೆ ಕೊಡುವಂತಿಲ್ಲ. ಮಡದಿಗೂ ಇಲ್ಲ, ಮಗನಿಗೂ ಇಲ್ಲ. ಲೈಸೆನ್ಸ್ ಯಾರ ಹೆಸರಿನಲ್ಲಿದೆಯೋ ಅವರಿಗೆ ಮಾತ್ರ. ರಿಪೇರಿಗೆ ಅಥವಾ ನವೀಕರಣಕ್ಕೆ ಒಯ್ಯಲು ನಿಮ್ಮ ಲಿಖಿತ ಅಧಿಕಾರ ಪತ್ರ ಹಿಡಿದು ಬೇರೊಬ್ಬರು ಹೋಗಬಹುದು, ಅಷ್ಟೇ. ಲೈಸೆನ್ಸಿಲ್ಲದೆ ಸಿಕ್ಕವರಿಗೆ ಕನಿಷ್ಠ 2 ವರ್ಷ, 5 ವರ್ಷದವರೆಗೂ ಶಿಕ್ಷೆ. ರೈಟರ್ ಜೈಲಿಗೆ, ನಿಮ್ಮ ಲೈಸೆನ್ಸ್ ರದ್ದಿಗೆ. ಕೊಡಗಿನಲ್ಲಿ ಕೊಡವರಿಗೆ, ಜಮ್ಮಾ (ವಂಶಪಾರಂಪರ್ಯ) ಹಿಡುವಳಿದಾರರಿಗೆ ಲೈಸೆನ್ಸ್ ವಿನಾಯಿತಿ ಇದೆಯಲ್ಲ ಎಂದು ಕೇಳುವವರಿದ್ದಾರೆ. 2019ರಲ್ಲಿ ಅದನ್ನು 2029ರವರೆಗೆ ವಿಸ್ತರಿಸಿದ್ದು ನಿಜ, ಮೂಡಿಗೆರೆಯ ನಿಮಗೂ ನಿಮ್ಮ ರೈಟರಿಗೂ ಅದು ಸಂಬಂಧವಿಲ್ಲ.

ಸಣ್ಣ ವಿಷಯಗಳಲ್ಲಿ ಸಿಕ್ಕಿಬೀಳುವವರೇ ಹೆಚ್ಚು. ಹೊರಗೆ ಒಯ್ದರೆ ಹೋಲ್‌ಸ್ಟರಿನಲ್ಲಿ, ಹೊರಕ್ಕೆ ಪ್ರದರ್ಶನವಾಗದಂತೆ, ಲೈಸೆನ್ಸ್ ಜೊತೆಯಲ್ಲಿ. ಲೈಸೆನ್ಸ್ ಯಾವ ಪ್ರದೇಶಕ್ಕೆ ಎಂದು ನೋಡಿಕೊಳ್ಳಿ, ಕರ್ನಾಟಕಕ್ಕೆ ಮಾತ್ರ ಎಂದಿದ್ದರೆ ವಯನಾಡಿನ ನೆಂಟರ ಮನೆಗೆ ಒಯ್ಯುವಂತಿಲ್ಲ. ಜಾತ್ರೆ, ಮೆರವಣಿಗೆ, ಶಾಲೆಯ ಆವರಣ ಬೇಡವೇ ಬೇಡ. ಬ್ಯಾಗಿನ ಮೂಲೆಯಲ್ಲಿ ಮರೆತ ಒಂದೇ ಗುಂಡು ವಿಮಾನ ನಿಲ್ದಾಣದ ಸ್ಕ್ಯಾನರಿನಲ್ಲಿ ಕಂಡರೆ ಅವತ್ತಿನ ಪ್ರಯಾಣ ಠಾಣೆಗೆ. ಚುನಾವಣೆ ಬಂದು ಜಮಾ ಮಾಡಿ ಎಂದು ಆದೇಶ ಬಂದರೆ ರಸೀದಿ ಪಡೆದೇ ಕೊಡಿ. ಲೈಸೆನ್ಸ್ ಈಗ 5 ವರ್ಷಕ್ಕೆ, ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ನವೀಕರಣದ ಅರ್ಜಿ ಹಾಕಿ.

ಅಂಥ ರಾತ್ರಿ ಬಂದರೆ ಏನು ಮಾಡಬೇಕೆಂದು ಈಗಲೇ ಮನೆಯವರೊಂದಿಗೆ ಕೂತು ನಿರ್ಧರಿಸಿ. ಎಲ್ಲರೂ ಒಂದೇ ಕೋಣೆಗೆ, ಬಾಗಿಲಿಗೆ ಅಗುಳಿ, ಹೊರಗಿನ ದೀಪಗಳೆಲ್ಲ ಹಾಕುವ ಒಂದು ಸ್ವಿಚ್ಚು ಆ ಕೋಣೆಯೊಳಗೆ, 112ಕ್ಕೆ ಕರೆ. ಮೊಬೈಲ್ ಸಿಗ್ನಲ್ ಇಲ್ಲದ ಮನೆಯಾದರೆ ವೈಫೈ ಕರೆಯ ವ್ಯವಸ್ಥೆ ಮೊದಲೇ ಮಾಡಿಕೊಳ್ಳಿ. ಪೊಲೀಸರು ಬರಲು ಅರ್ಧ ಗಂಟೆಯಾದರೂ ಬೇಕು, ಕರೆದು ಏನು ಪ್ರಯೋಜನ ಎನ್ನಬೇಡಿ. ಪೊಲೀಸರ ರಕ್ಷಣೆ ಪಡೆಯಲು ಯತ್ನಿಸಿದಿರಿ, ಅದು ಸಮಯಕ್ಕೆ ಸಿಗುವಂತಿರಲಿಲ್ಲ ಎಂಬುದನ್ನು 37ನೇ ಕಲಮಿನ ಎದುರು ಆ ಕರೆಯ ದಾಖಲೆ ಹೇಳುವಷ್ಟು ಚೆನ್ನಾಗಿ ಬೇರೆ ಯಾವುದೂ ಹೇಳುವುದಿಲ್ಲ. ನೀವು ಒಳಗಿದ್ದು ಅವರು ಬಾಗಿಲು ಒಡೆದು ಬರುವುದಕ್ಕೂ, ನೀವೇ ಅವರನ್ನು ಹುಡುಕಿ ಹೋಗುವುದಕ್ಕೂ ಕೋರ್ಟಿನಲ್ಲಿ ಅಜಗಜಾಂತರ.

ಗುಂಡು ಹಾರಿದೆ, ಒಬ್ಬ ಬಿದ್ದಿದ್ದಾನೆ ಎಂದುಕೊಳ್ಳಿ. ಅಪಾಯ ನಿಂತಿದ್ದರೆ ಬೆರಳು ಹೊರಗೆ. ಮತ್ತೆ 112, ಮತ್ತು 108ಕ್ಕೆ ಆ್ಯಂಬುಲೆನ್ಸ್. ಹತ್ತಿರ ಹೋಗುವುದು ಸುರಕ್ಷಿತವಾಗಿದ್ದರೆ ಗಾಯಕ್ಕೆ ಬಟ್ಟೆ ಒತ್ತಿ ಹಿಡಿಯಿರಿ. ಅದು ಮನುಷ್ಯತ್ವವೂ ಹೌದು, ನಿಮ್ಮ ಉದ್ದೇಶವೇನಿತ್ತು ಎಂಬುದಕ್ಕೆ ಸಾಕ್ಷಿಯೂ ಹೌದು. ರಿವಾಲ್ವರ್ ತೆರೆಯಬೇಡಿ: ಯಾವ ಮನೆಯ ಗುಂಡು ಹಾರಿದೆ, ಕೊಕ್ಕೆ ಯಾವುದರ ಮೇಲಿದೆ ಎಂಬುದೇ ಪುರಾವೆ. ಒರೆಸಬೇಡಿ, ಕೈ ತೊಳೆಯಬೇಡಿ, ಬಟ್ಟೆ ಬದಲಿಸಬೇಡಿ. ಅವನ ಕತ್ತಿ ಬಿದ್ದಲ್ಲೇ ಇರಲಿ. ಪೊಲೀಸರು ಒಳಬರುವಾಗ ದೀಪ ಹಾಕಿ, ಆಯುಧ ಮೇಜಿನ ಮೇಲಿಟ್ಟು, ಖಾಲಿ ಕೈ ಕಾಣುವಂತೆ ನಿಲ್ಲಿ.

ಹೇಳಿಕೆ ಚಿಕ್ಕದಾಗಿರಲಿ: ಯಾರು, ಎಷ್ಟು ಜನ, ಏನು ಹಿಡಿದು ಬಂದರು, ನಿಮಗೋ ಮನೆಯವರಿಗೋ ಎಲ್ಲಿ ಪೆಟ್ಟಾಗಿದೆ, ಕಂಡವರು ಯಾರು. ಗಾಯವಿದ್ದರೆ ಅದೇ ರಾತ್ರಿ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಿಸಿ. ಉಳಿದದ್ದು ವಕೀಲರು ಬಂದ ಮೇಲೆ. ಬಂಧನವಾದರೆ ವಿಚಾರಣೆಯ ವೇಳೆ ವಕೀಲರನ್ನು ಭೇಟಿಯಾಗುವ ಹಕ್ಕು ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 38ನೇ ಕಲಮಿನಲ್ಲಿದೆ. ಹೆದರಿ "ಒರೆಸುವಾಗ ತಾನಾಗೇ ಹಾರಿತು" ಎನ್ನುವವರಿದ್ದಾರೆ. ಹಾಗೆ ಹೇಳಿದ ಕ್ಷಣ ಆತ್ಮರಕ್ಷಣೆಯನ್ನು ಕೈಯಾರೆ ಬಿಟ್ಟಂತೆ. ಬೇಕೆಂದೇ ಹಾರಿಸಿದೆ, ಜೀವ ಉಳಿಸಿಕೊಳ್ಳಲು ಹಾರಿಸಿದೆ ಎಂಬುದೇ ಆತ್ಮರಕ್ಷಣೆಯ ವಾದ. ಅದು ಆಕಸ್ಮಿಕದ ಜೊತೆ ನಿಲ್ಲುವುದಿಲ್ಲ.

ಸಾವಾಗಿದ್ದರೆ ನಿಮ್ಮ ಮೇಲೆ ಎಫ್‌ಐಆರ್ ಆಗುತ್ತದೆ, ಹೆಚ್ಚಾಗಿ ಕೊಲೆಯ ಕಲಮಿನಲ್ಲೇ. ಅದನ್ನು ಪೊಲೀಸರ ದ್ವೇಷ ಎಂದುಕೊಳ್ಳದೆ ನಿರೀಕ್ಷಿಸಿ. ಆತ್ಮರಕ್ಷಣೆ ಎಂದು ತೋರಿಸುವ ಹೊಣೆ ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 108ರಂತೆ ನಿಮ್ಮದು. ಆದರೆ ಸರ್ಕಾರದ ಹಾಗೆ ಸಂಶಯಾತೀತವಾಗಿ ಸಾಬೀತು ಮಾಡಬೇಕಿಲ್ಲ, ಹೀಗೇ ನಡೆದಿರುವ ಸಂಭವ ಹೆಚ್ಚು ಎಂದು ಕಂಡರೆ ಸಾಕು. 1968ರ ಮುನ್ಶಿ ರಾಮ್ ಪ್ರಕರಣದಿಂದ 2010ರ ದರ್ಶನ್ ಸಿಂಗ್ ತೀರ್ಪಿನವರೆಗೆ ಸುಪ್ರೀಂ ಕೋರ್ಟ್ ಇದನ್ನೇ ಹೇಳಿಕೊಂಡು ಬಂದಿದೆ. 112ರ ಕರೆ, ಒಡೆದ ಬಾಗಿಲಿನ ಮಹಜರು, ಸಿಸಿಟಿವಿ, ಗಾಯದ ಸರ್ಟಿಫಿಕೇಟು, ಗುಂಡು ಎದುರಿನಿಂದ ಹೊಕ್ಕಿದೆಯೋ ಬೆನ್ನಿನಿಂದಲೋ ಎಂಬ ವೈದ್ಯರ ವರದಿ, ಇವುಗಳಿಂದಲೇ ಆ ಸಂಭವ ಕಟ್ಟಬೇಕು.

ರಿವಾಲ್ವರ್ ಜಪ್ತಿಯಾಗಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗುತ್ತದೆ, ಲೈಸೆನ್ಸನ್ನು ಶಸ್ತ್ರಾಸ್ತ್ರ ಕಾಯ್ದೆಯ 17ನೇ ಕಲಮಿನಡಿ ಜಿಲ್ಲಾಧಿಕಾರಿ ಅಮಾನತು ಮಾಡಬಹುದು. ಅದರ ವಿರುದ್ಧ 18ನೇ ಕಲಮಿನಡಿ ಮೇಲ್ಮನವಿಗೆ ಅವಕಾಶವಿದೆ, ಗಡುವು ಮೀರದಂತೆ ಆದೇಶದ ಪ್ರತಿ ಕೈಸೇರಿದ ದಿನವೇ ವಕೀಲರಿಗೆ ತಲುಪಿಸಿ. ಆಯುಧದ ಮಧ್ಯಂತರ ಬಿಡುಗಡೆಗೆ ನಾಗರಿಕ ಸುರಕ್ಷಾ ಸಂಹಿತೆಯ 497 ಅಥವಾ 503ರಡಿ ಕೋರ್ಟಿಗೆ ಅರ್ಜಿ ಹಾಕಬಹುದು, ಆದರೆ ಲೈಸೆನ್ಸ್ ಊರ್ಜಿತವಿಲ್ಲದೆ ಕೋರ್ಟು ಅದನ್ನು ನಿಮ್ಮ ಕೈಗೆ ಕೊಡುವುದಿಲ್ಲ. ಇನ್ನು ಕಣದ ಮೆಣಸಿಗೆ: ಚಲನೆಗೆ ಹೊತ್ತಿಕೊಳ್ಳುವ ದೀಪ ನಾಲ್ಕು ಮೂಲೆಗೆ, ಸಂಜೆ ಚೀಲ ತುಂಬಿ ಗೋದಾಮಿಗೆ ಹಾಕಿಸುವುದು, ಒಳಗಿನಿಂದ ಅಗುಳಿ ಇರುವ ಬಾಗಿಲು, ಮತ್ತು ಎರಡು ನಾಯಿ.